ಗ್ರಾಫ್ ಚೆನ್ನಾಗಿದೆ, ಪೀಕ್ ಎಲ್ಲೋಯ್ತು?

ಆರ್‌ಆರ್‌ಡಿಟೂಲ್ (ಸರ್ವರ್, ನೆಟ್‌ವರ್ಕ್ ರೀಡಿಂಗ್‌ಗಳನ್ನ ಕೂಡಿಟ್ಟು ಗ್ರಾಫ್ ಎಳೆಯೋ ಟೂಲ್) ಕಲಿಯೋಕೆ ಬರೋ ಹುಡುಗ್ರು ಮೊದ್ಲು ಕೇಳೋದೇ ಬಣ್ಣ ಹೇಗೆ ಬದಲಾಯ್ಸೋದು ಅಂತ. ಅದೇನು ಕಷ್ಟ ಇಲ್ಲ, ಲೈನ್ ಅಂತ ಬರೆದು ಹ್ಯಾಶ್ ಹಾಕಿ ಆರಂಕಿ ಹೆಕ್ಸ್ ಕೋಡ್ ಕೊಟ್ರೆ ಆಯ್ತು, ಮುಂದೆ ಇನ್ನೆರಡು ಅಂಕಿ ಸೇರಿಸಿದ್ರೆ ಹಿಂದಿನದೂ ಕಾಣೋ ಹಾಗೆ ತೆಳ್ಳಗಾಗತ್ತೆ. ತಲೆ ಕೆಡಿಸ್ಕೋಬೇಕಾಗಿರೋದು ಬೇರೆ ಕಡೆ. ನೀವು ಏನೂ ಹೇಳ್ದೇ ಇದ್ರೆ ಎಷ್ಟು ಹೊತ್ತಿನ ಸರಾಸರಿ, ಯಾವ ಯೂನಿಟ್, ದಿನ ಎಲ್ಲಿಂದ ಶುರು ಅನ್ನೋದನ್ನೆಲ್ಲ ಈ ಟೂಲ್ ತಾನೇ ತೀರ್ಮಾನ ಮಾಡ್ಬಿಡತ್ತೆ, ಮತ್ತೆ ಆ ತೀರ್ಮಾನ ಗ್ರಾಫ್ ಮೇಲೆ ಎಲ್ಲೂ ಬರೆದಿರಲ್ಲ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸ್ವಿಟ್ಜರ್ಲೆಂಡ್‌ನ ಟೋಬಿಯಾಸ್ ಓಟಿಕರ್ ಮೊದ್ಲು ಎಂಆರ್‌ಟಿಜಿ ಅನ್ನೋ ಟ್ರಾಫಿಕ್ ಗ್ರಾಫ್ ಪ್ರೋಗ್ರಾಮ್ ಬರೆದ್ರು, ಆಗ ಅವರು ಇಂಗ್ಲೆಂಡಿನ ಡಿ ಮಾಂಟ್‌ಫೋರ್ಟ್ ಯೂನಿವರ್ಸಿಟೀಲಿದ್ರು, ಕಾಯಬೇಕಾಗಿದ್ದ ಲೈನು ಬರೀ 64 ಕೆಬಿಪಿಎಸ್. ಅದ್ರಿಂದಲೇ ಬೆಳೆದು 1999ರಲ್ಲಿ ಆರ್‌ಆರ್‌ಡಿಟೂಲ್ ಬಂತು. ಕ್ಯಾಕ್ಟೈ, ಮುನಿನ್, ಸ್ಮೋಕ್‌ಪಿಂಗ್ ಅನ್ನೋ ಮಾನಿಟರಿಂಗ್ ಟೂಲ್‌ಗಳೆಲ್ಲದರ ಹೊಟ್ಟೇಲೂ ಇದೇ ಕೂತಿರೋದು. ಈಗ ಎಲ್ಲರೂ ಗ್ರಫಾನಾ ಅನ್ನೋ ಹೊಸ ಗ್ರಾಫ್ ಟೂಲ್ ಅಂತಾರೆ, ಒಳ್ಳೇದೇ, ಆದ್ರೆ ಸಣ್ಣ ಆಫೀಸಿನ ಹಳೇ ಸರ್ವರ್‌ನಲ್ಲಿ ಇದು ಈಗ್ಲೂ ಸದ್ದಿಲ್ದೆ ಓಡ್ತಾ ಇದೆ, ಫೈಲ್ ಸೈಜ್ ಒಂದು ಬೈಟೂ ಬೆಳೆಯಲ್ಲ.

ಈಗ ವಿಷಯಕ್ಕೆ ಬರೋಣ. ಗ್ರಾಫ್‌ನ ಡೀಫಾಲ್ಟ್ ಅಗಲ 400 ಪಿಕ್ಸೆಲ್, ಎತ್ತರ 100. ಇದ್ರಲ್ಲಿ ಒಂದು ದಿನ ಹಾಕಿದ್ರೆ ಆರಾಮಾಗಿ ಹಿಡಿಸತ್ತೆ, 5 ನಿಮಿಷಕ್ಕೊಂದರಂತೆ ದಿನಕ್ಕೆ 288 ರೀಡಿಂಗ್ ತಾನೇ. ಅದೇ ಜಾಗದಲ್ಲಿ ಒಂದು ವರ್ಷ ಹಾಕಿ ನೋಡಿ, ಒಂದೊಂದು ಪಿಕ್ಸೆಲ್‌ಗೆ ಹೆಚ್ಚೂಕಮ್ಮಿ 22 ಗಂಟೆ ಬೀಳತ್ತೆ, ಅಷ್ಟು ಹೊತ್ತಿಗೂ ಸೇರಿ ಒಂದೇ ಸರಾಸರಿ. ಈಗ ನಿಮ್ಮದೊಂದು 100 ಎಂಬಿಪಿಎಸ್ ಲಿಂಕ್ ಅನ್ಕೊಳ್ಳಿ, ದಿನಾ ರಾತ್ರಿ 8ರಿಂದ 9 ಫುಲ್, ಜನ ಫೋನ್ ಮಾಡಿ ಬೈತಾರೆ, ಮಿಕ್ಕ 23 ಗಂಟೆ ಬರೀ 10 ಎಂಬಿಪಿಎಸ್. ದಿನದ ಸರಾಸರಿ ಎಷ್ಟು? 100ಕ್ಕೆ 230 ಕೂಡಿಸಿ 24ರಿಂದ ಭಾಗಿಸಿ, 13.75. ಆ ವರ್ಷದ ಗ್ರಾಫ್ ತಗೊಂಡು ಮ್ಯಾನೇಜರ್ ಮುಂದೆ ಹೋಗಿ ಅಪ್‌ಗ್ರೇಡ್ ಬೇಕು ಸರ್ ಅಂದ್ರೆ ಅವರೇನ್ ಹೇಳ್ತಾರೆ, "14 ಕೂಡ ದಾಟಿಲ್ವಲ್ರೀ, ಯಾಕ್ರೀ ಅಪ್‌ಗ್ರೇಡು?" ಅಂತಾರೆ. ಅವರದ್ದೇನೂ ತಪ್ಪಿಲ್ಲ, ಗ್ರಾಫ್ ಹೇಳ್ತಿರೋದೇ ಅದು.

ಪರಿಹಾರ ಗ್ರಾಫ್ ಕಮ್ಯಾಂಡ್‌ಗಿಂತ ಹಿಂದೇನೇ ಶುರುವಾಗ್ಬೇಕು. ಫೈಲ್ ಕ್ರಿಯೇಟ್ ಮಾಡುವಾಗ್ಲೇ ಆವರೇಜ್ ಜೊತೆ ಮ್ಯಾಕ್ಸ್ ಆರ್ಕೈವ್ (ಇಂತಿಷ್ಟು ಹೊತ್ತಿಗೊಂದು ನಂಬರ್ ಅಂತ ಫೈಲ್ ಒಳಗೆ ಕೂಡಿಡೋ ಜಾಗ) ಕೂಡ ಇಡ್ಬೇಕು, ಇಟ್ಟಿಲ್ಲ ಅಂದ್ರೆ ಹಳೇ ಪೀಕ್ ಹೋಯ್ತು ಅಂತಲೇ ಲೆಕ್ಕ, ಎಲ್ಲಿಂದಲೂ ತರೋಕಾಗಲ್ಲ. ಆಮೇಲೆ ಗ್ರಾಫ್‌ನಲ್ಲಿ ಒಂದೇ ಡೇಟಾಗೆ ಎರಡು ಡೆಫ್ (ಫೈಲ್‌ನಿಂದ ಡೇಟಾ ಎತ್ಕೊಳ್ಳೋ ಸಾಲು), ಒಂದು ಆವರೇಜ್, ಒಂದು ಮ್ಯಾಕ್ಸ್. ಆವರೇಜ್‌ನ ಏರಿಯಾ ಮಾಡಿ ತುಂಬಿಸಿ, ಮ್ಯಾಕ್ಸ್‌ನ ಮೇಲೆ ತೆಳ್ಳಗೆ ಒಂದು ಲೈನ್ ಎಳೀರಿ. ಎರಡರ ಮಧ್ಯೆ ಜಾಗ ಎಲ್ಲಿ ದೊಡ್ಡದಾಗಿ ಬಿಟ್ಟಿದೆಯೋ ಅಲ್ಲೇ ನಿಮ್ಮ ಪ್ರಾಬ್ಲಮ್ ಇರೋದು. ಒಂದು ಎಚ್ಚರಿಕೆ, ಆವರೇಜ್ ಡೆಫ್ ಮೇಲೆ ವಿಡೆಫ್‌ನಲ್ಲಿ (ಇಡೀ ಡೇಟಾದಿಂದ ಒಂದೇ ನಂಬರ್ ತೆಗೆಯೋ ಸಾಲು) ಮ್ಯಾಕ್ಸಿಮಮ್ ಕೇಳಿದ್ರೆ ಸಿಗೋದು ಸರಾಸರಿಗಳಲ್ಲೇ ದೊಡ್ಡ ಸರಾಸರಿ, ನಿಜವಾದ ಪೀಕ್ ಅಲ್ಲ, ಲೆಜೆಂಡ್‌ನಲ್ಲಿ (ಗ್ರಾಫ್ ಕೆಳಗಿನ ವಿವರದಲ್ಲಿ) ಮಾತ್ರ ಮ್ಯಾಕ್ಸ್ ಅಂತ ಗತ್ತಾಗಿ ಕೂತಿರತ್ತೆ.

95ನೇ ಪರ್ಸೆಂಟೈಲ್ ಬಿಲ್ಲಿಂಗ್ (ಮೇಲಿನ 5 ಪರ್ಸೆಂಟ್ ರೀಡಿಂಗ್ ಬಿಟ್ಟು ಮಿಕ್ಕಿದ್ರಲ್ಲಿ ದೊಡ್ಡದಕ್ಕೆ ಬಿಲ್) ಮಾಡೋರಿಗಂತೂ ಇದು ದುಡ್ಡಿನ ವಿಷಯ. 30 ದಿನಕ್ಕೆ 5 ನಿಮಿಷದ ರೀಡಿಂಗ್ 8640, ಮೇಲಿನ 5 ಪರ್ಸೆಂಟ್ ಅಂದ್ರೆ 432 ರೀಡಿಂಗ್, ಅಂದ್ರೆ ತಿಂಗಳಿಗೆ 36 ಗಂಟೆ ಪೀಕ್ ಬಿಟ್ಟುಬಿಡ್ತಾರೆ. ಇದನ್ನ ವಿಡೆಫ್‌ನಲ್ಲಿ ಪರ್ಸೆಂಟ್ ಅಂತ ಬರೆದು ತೆಗೀಬಹುದು, ಆದ್ರೆ ಫೈಲ್‌ನಲ್ಲಿ ತಿಂಗಳ ಪೂರ್ತಿ 5 ನಿಮಿಷದ ಡೇಟಾ ಇರ್ಬೇಕು. ಇಲ್ದಿದ್ರೆ ಟೂಲ್ ಸುಮ್ನೆ ಫೈಲ್‌ನಲ್ಲಿರೋ ಇನ್ನೂ ಉದ್ದ ಅವಧಿಯ ಸರಾಸರಿ ಎತ್ಕೊಂಡು ಲೆಕ್ಕ ಹಾಕತ್ತೆ, ನಿಮ್ಮ ನಂಬರ್ ಕಡಿಮೆ ಬಂದು ಪ್ರೊವೈಡರ್ ನಂಬರ್ ಜಾಸ್ತಿ ಬಂದು ಜಗಳ ಶುರು. ಒಂದು ರೀಡಿಂಗ್‌ಗೆ 8 ಬೈಟ್, 8640ಕ್ಕೆ 70 ಕೆಬಿ ಕೂಡ ಆಗಲ್ಲ, ಇದ್ರಲ್ಲಿ ಜಿಪುಣತನ ಮಾಡೋದು ಯಾಕೋ ನಂಗರ್ಥ ಆಗಲ್ಲ. ಇನ್ನೊಂದು, ಮಧ್ಯೆ ಅನ್‌ನೋನ್ ವ್ಯಾಲ್ಯೂ (ರೀಡಿಂಗ್ ಸಿಗದ ಜಾಗ) ಇದ್ರೆ ಪರ್ಸೆಂಟ್ ಅದನ್ನ ಎಲ್ಲಕ್ಕಿಂತ ಕೆಳಗಿನ ನಂಬರ್ ಅಂತ ಎಣಿಸತ್ತೆ, ಅದನ್ನ ಬಿಟ್ಟು ಲೆಕ್ಕ ಹಾಕ್ಬೇಕು ಅಂದ್ರೆ ಪರ್ಸೆಂಟ್‌ನ್ಯಾನ್ ಬರೀಬೇಕು.

ಅನ್‌ನೋನ್ ಅಂದಾಗ ನೆನಪಾಯ್ತು, ಗ್ರಾಫ್ ಮಧ್ಯೆ ಖಾಲಿ ಬಿಟ್ಟಿದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತ ಸಿಡೆಫ್‌ನಲ್ಲಿ (ಡೇಟಾ ಮೇಲೆ ಲೆಕ್ಕ ಹಾಕೋ ಸಾಲು) ಅನ್‌ನೋನ್ ಇದ್ರೆ ಸೊನ್ನೆ ಹಾಕು ಅಂತ ಬರೆಯೋರು ತುಂಬ ಜನ ಇದಾರೆ. ದಯವಿಟ್ಟು ಬೇಡ. ಟ್ರಾಫಿಕ್ ಇರ್ಲಿಲ್ಲ ಅನ್ನೋದಕ್ಕೂ ನಮಗೆ ರೀಡಿಂಗ್ ಸಿಗ್ಲಿಲ್ಲ ಅನ್ನೋದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಹಲವು ಸರ್ವರ್ ಟ್ರಾಫಿಕ್ ಕೂಡಿಸಿ ಒಂದರ ಮೇಲೊಂದು ಸ್ಟ್ಯಾಕ್ ಮಾಡುವಾಗ ಮಾತ್ರ ಬೇಕಾಗಬಹುದು, ಯಾಕಂದ್ರೆ ಕೂಡೋವಾಗ ಒಂದು ಅನ್‌ನೋನ್ ಬಂದ್ರೆ ಇಡೀ ಮೊತ್ತವೇ ಅನ್‌ನೋನ್.

ಯೂನಿಟ್ ವಿಷಯ ಬೇಗ ಮುಗಿಸ್ತೀನಿ. ಎಸ್‌ಎನ್‌ಎಂಪಿ (ರೂಟರ್, ಸ್ವಿಚ್‌ಗಳಿಂದ ರೀಡಿಂಗ್ ಕೇಳೋ ಪದ್ಧತಿ) ಕೊಡೋದು ಬೈಟ್, ಲಿಂಕ್ ಕೊಳ್ಳೋದು ಬಿಟ್‌ನಲ್ಲಿ, ಅದಕ್ಕೆ ಸಿಡೆಫ್ ಹಾಕಿ 8ರಿಂದ ಗುಣಿಸಿ. ಮೆಮೊರಿ ಗ್ರಾಫ್‌ಗೆ ಬೇಸ್ (ಕಿಲೋ ಅಂದ್ರೆ ಎಷ್ಟು ಅನ್ನೋದು) 1024, ಟ್ರಾಫಿಕ್‌ಗೆ 1000ನೇ ಇರ್ಲಿ. ಲೋಡ್ ಆವರೇಜ್ (ಸರ್ವರ್ ಮೇಲಿನ ಕೆಲಸದ ಹೊರೆ) 0.5 ಇದ್ದಿದ್ದು ಪಕ್ಕದಲ್ಲಿ 500 ಎಂ ಅಂತ ಕಾಣತ್ತೆ, ನೋಡಿದವರು ಐನೂರು ಮಿಲಿಯನ್ ಅನ್ಕೊಂಡು ಗಾಬರಿ ಆಗ್ತಾರೆ, ಅದು ಮಿಲಿ. ಯೂನಿಟ್ಸ್ ಎಕ್ಸ್‌ಪೋನೆಂಟ್ ಸೊನ್ನೆ ಅಂತ ಕೊಟ್ರೆ ನೆಟ್ಟಗಾಗತ್ತೆ. ಅಪ್ಪರ್ ಲಿಮಿಟ್ ಕೊಟ್ಟೂ ಅದನ್ನ ದಾಟಿ ಹೋಯ್ತಲ್ಲ ಅನ್ನೋರಿಗೆ, ಜೊತೇಲಿ ರಿಜಿಡ್ ಅಂತಲೂ ಹೇಳ್ಬೇಕು, ಇಲ್ದಿದ್ರೆ ಡೇಟಾ ಜಾಸ್ತಿ ಇದ್ದಷ್ಟೂ ಅದು ಮೇಲಕ್ಕೆ ಹಿಗ್ಗತ್ತೆ.

ಗೆರೆಯನ್ನ ಓರೆಯಾಗಿ ಎಳೆಯೋ ಸ್ಲೋಪ್ ಮೋಡ್ ನಂಗಷ್ಟು ಇಷ್ಟ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬರೋ ಗೆರೆ ನೋಡೋಕೆ ಒರಟು ನಿಜ, ಆದ್ರೆ ಒಂದೊಂದು ಮೆಟ್ಟಿಲೂ ಇಷ್ಟು ಹೊತ್ತಿನ ಸರಾಸರಿ ಇಷ್ಟು ಅಂತ ನೇರವಾಗಿ ಹೇಳತ್ತೆ, ಓರೆ ಗೆರೆ ಎಳೆದ್ರೆ ಮಧ್ಯದಲ್ಲೂ ಅಳತೆ ಇತ್ತೇನೋ ಅನ್ನೋ ಭ್ರಮೆ. ಟ್ರೆಂಡ್ ಫಂಕ್ಷನ್ ಹಾಕಿ ನುಣ್ಣಗೆ ಮಾಡೋರೂ ಗಮನಿಸಿ, ಅದು ಹಿಂದಿನ ವ್ಯಾಲ್ಯೂಗಳನ್ನ ಮಾತ್ರ ನೋಡತ್ತೆ, ಹಾಗಾಗಿ ಗೆರೆ ತಡವಾಗಿ ಏರತ್ತೆ, ತಡವಾಗಿ ಇಳಿಯತ್ತೆ. ಯಾವ ಹೊತ್ತಿಗೆ ತೊಂದ್ರೆ ಶುರುವಾಯ್ತು ಅಂತ ಹುಡುಕೋವಾಗ ಅದನ್ನ ನಂಬ್ಬೇಡಿ.

ನಮ್ಮ ದೇಶದಲ್ಲಿ ಕೂತು ಇದನ್ನ ಬಳಸೋರಿಗೆ ಇನ್ನೊಂದು ಕಿತಾಪತಿ ಇದೆ. ಒಳಗಡೆ ಎಲ್ಲ ಲೆಕ್ಕವೂ ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಿನಕ್ಕೊಂದು ಸರಾಸರಿ ಇಡೋ ಆರ್ಕೈವ್‌ಗೆ ದಿನ ಬದಲಾಗೋದು ಯುಟಿಸಿ ಮಧ್ಯರಾತ್ರಿಗೆ, ಅಂದ್ರೆ ನಮ್ಮ ಬೆಳಗಿನ ಜಾವ ಐದೂವರೆಗೆ. ಹಾಗಾಗಿ ಸೋಮವಾರ ರಾತ್ರಿ ಮಧ್ಯರಾತ್ರಿ ದಾಟಿ 2 ಗಂಟೆಗೆ ಓಡಿದ ಬ್ಯಾಕಪ್ ಕ್ಯಾಲೆಂಡರ್ ಪ್ರಕಾರ ಮಂಗಳವಾರದ್ದು, ಫೈಲ್ ಪ್ರಕಾರ ಸೋಮವಾರದ್ದು. ಗಂಟೆಯ ಆರ್ಕೈವ್ ಕೂಡ ನಮಗೆ ಅರ್ಧರ್ಧಕ್ಕೆ ಬದಲಾಗತ್ತೆ, ಏಳೂವರೆಯಿಂದ ಎಂಟೂವರೆ ಅನ್ನೋ ಥರ. ಟೈಮ್‌ಝೋನ್ ಸೆಟ್ ಮಾಡಿದ್ರೆ ಲೇಬಲ್ ಮಾತ್ರ ನಮ್ಮ ಟೈಮ್ ತೋರಿಸತ್ತೆ, ಒಳಗಿನ ಕಟ್ಟು ಬದಲಾಗಲ್ಲ. ಅದಕ್ಕೆ ನಾನು ಗಂಟೆ ಆರ್ಕೈವ್ ಇಡೋದೇ ಇಲ್ಲ, 30 ನಿಮಿಷದ್ದು ಇಡ್ತೀನಿ, ನಮ್ಮ ಮಧ್ಯರಾತ್ರಿ ಯುಟಿಸಿ ಲೆಕ್ಕದಲ್ಲಿ 18:30, ಅದು ಸರಿಯಾಗಿ ಕಟ್ಟಿನ ಅಂಚಿಗೇ ಬೀಳತ್ತೆ. ದಿನದ ಮೊತ್ತ ಬೇಕು ಅಂದ್ರೆ ಸ್ಟಾರ್ಟು ಎಂಡು ನಮ್ಮ ಮಧ್ಯರಾತ್ರಿಗೆ ಕೊಟ್ಟು ವಿಡೆಫ್‌ನಲ್ಲಿ ಟೋಟಲ್ ತೆಗೀತೀನಿ.

ಗ್ರಾಫ್‌ನ ಸಮಯದ ಗೆರೆಗಳನ್ನ ಜೋಡಿಸೋ ಎಕ್ಸ್ ಗ್ರಿಡ್ ಆಪ್ಷನ್ ನೋಡಿ ಹೆದರ್ಕೋಬೇಡಿ, ಎಂಟು ಭಾಗ ಇದ್ರೂ ಅರ್ಥ ಸರಳ, ಸಣ್ಣ ಗೆರೆ ಎಷ್ಟಕ್ಕೆ, ದೊಡ್ಡ ಗೆರೆ ಎಷ್ಟಕ್ಕೆ, ಲೇಬಲ್ ಎಷ್ಟಕ್ಕೆ, ಲೇಬಲ್ ಎಷ್ಟು ಸೆಕೆಂಡ್ ವ್ಯಾಪಿಸಿದೆ, ಹೇಗೆ ಬರೀಬೇಕು. ವಾರದ ಗ್ರಾಫ್‌ಗೆ ಸಣ್ಣ ಗೆರೆ 8 ಗಂಟೆಗೆ, ಮಿಕ್ಕಿದ್ದು ದಿನಕ್ಕೆ, ವ್ಯಾಪ್ತಿ 86400 ಅಂತ ಕೊಡಿ, ವಾರದ ಹೆಸರು ಎರಡು ಗೆರೆ ನಡುವೆ ಸರಿಯಾಗಿ ಕೂರತ್ತೆ. ಲೊಕೇಲ್ (ಸಿಸ್ಟಮ್‌ನ ಭಾಷೆ ಸೆಟ್ಟಿಂಗ್) ಕನ್ನಡಕ್ಕೆ ಇಟ್ರೆ ಆ ಹೆಸರು ಕನ್ನಡದಲ್ಲೇ ಬರತ್ತೆ. ಟೂಲ್‌ನ 1.3ನೇ ವರ್ಷನ್‌ನಿಂದ ಅಕ್ಷರ ಮೂಡ್ಸೋ ಕೆಲಸ ಪ್ಯಾಂಗೋ ಅನ್ನೋ ಲೈಬ್ರರಿ ನೋಡ್ಕೊಳ್ಳೋದ್ರಿಂದ ಲೆಜೆಂಡ್‌ನಲ್ಲೂ ಒತ್ತಕ್ಷರ ಒಡೆಯಲ್ಲ, ಸಿಸ್ಟಮ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಥರದ ಫಾಂಟ್ ಇದ್ರೆ ಸಾಕು. ತೊಂದ್ರೆ ಒಂದೇ, ಜಿಪ್ರಿಂಟ್ (ಲೆಜೆಂಡ್‌ನಲ್ಲಿ ನಂಬರ್ ಬರೆಯೋ ಸಾಲು) ನಂಬರ್‌ಗಳನ್ನ ಸಾಲಾಗಿ ಜೋಡಿಸೋಕೆ ನಾವು ಹಾಕೋ ಸ್ಪೇಸ್ ಎಲ್ಲ ಮಾನೋಸ್ಪೇಸ್ ಫಾಂಟ್ ನಂಬ್ಕೊಂಡು, ಕನ್ನಡ ಅಕ್ಷರದ ಅಗಲ ಹಾಗೆ ಒಂದೇ ಸಮ ಇರಲ್ಲ, ಕಾಲಮ್ ಚೆಲ್ಲಾಪಿಲ್ಲಿ. ಹೆಸರನ್ನ ಸಾಲಿನ ಕೊನೆಗೆ, ನಂಬರ್ ಮೊದ್ಲಿಗೆ ಹಾಕಿದ್ರೆ ಈ ಗೋಳಿಲ್ಲ. ಮತ್ತೆ ಲೆಜೆಂಡ್ ಒಳಗೆ ಕೋಲನ್ ಬಂದ್ರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ ಇಡೀದನ್ನ ಸಿಂಗಲ್ ಕೋಟ್‌ನಲ್ಲಿ ಇಡಿ, ಇಲ್ದಿದ್ರೆ ಬ್ಯಾಕ್‌ಸ್ಲ್ಯಾಶನ್ನ ಕಮ್ಯಾಂಡ್ ಓದೋ ಶೆಲ್ಲೇ ನುಂಗ್ಬಿಡತ್ತೆ.