ಹತ್ತು ಬಾರ್ ಎಂದುಕೊಂಡು ನೂರು ಬಾರ್

ರಾಯಚೂರಿನಲ್ಲಿ ಥರ್ಮೋಡೈನಮಿಕ್ಸ್, ಅಂದರೆ ಶಾಖ ಮತ್ತು ಶಕ್ತಿಯ ಶಾಸ್ತ್ರ, ಕಲಿಸುವವರಿಗೆ ಒಂದು ಅನುಕೂಲವಿದೆ. ಹಬೆಯಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಡೆ ಕೈ ತೋರಿಸಿದರೆ ಸಾಕು. ಅಲ್ಲಿನ ಲೆಕ್ಕಕ್ಕೆಲ್ಲ ಬುಡ ಸ್ಟೀಮ್ ಟೇಬಲ್ ಎಂಬ ತೆಳ್ಳನೆಯ ಪುಸ್ತಕ. ಯಾವ ಒತ್ತಡಕ್ಕೆ ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ, ಒಂದು ಕಿಲೋ ಹಬೆಯ ಎಂಥಾಲ್ಪಿ (ಸರಳವಾಗಿ ಹೇಳಿದರೆ ಅದು ಹೊತ್ತಿರುವ ಶಾಖದ ಲೆಕ್ಕ) ಎಷ್ಟು, ಎಲ್ಲ ಅದರಲ್ಲಿದೆ.

ಈಗ ಅದೆಲ್ಲ ಫೋನಿಗೆ ಬಂದಿದೆ. ಒಳ್ಳೆಯದೇ. ಪುಸ್ತಕದಲ್ಲಿ 100 ಮತ್ತು 110 ಡಿಗ್ರಿಯ ಸಾಲು ಮಾತ್ರ ಇದ್ದು, ನಮಗೆ 105 ಬೇಕು ಅನ್ನಿ. ಎರಡರ ಸರಾಸರಿ ಹಿಡಿದರೆ ಒತ್ತಡ 122.4 ಕಿಲೋಪಾಸ್ಕಲ್ ಬರುತ್ತದೆ. ನಿಜವಾದದ್ದು 120.9. ಡೊಂಕು ಗೆರೆಯನ್ನು ನಾವು ನೆಟ್ಟಗೆ ಎಳೆದಿರುತ್ತೇವೆ, ಅಷ್ಟೇ. ಇಂಥ ಲೆಕ್ಕಕ್ಕೆಂದೇ 1997ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿದ ಸೂತ್ರಗಳಿವೆ. ಅವು ಕಂಪ್ಯೂಟರಿನಲ್ಲಿದ್ದರೆ ಈ ತಾಪತ್ರಯವಿಲ್ಲ. ಪರೀಕ್ಷೆಯಲ್ಲಿ ಸುಮ್ನೆ ಕೂಡಿ ಭಾಗಿಸುತ್ತ ಕೂರುವುದರಲ್ಲಿ ಪುಣ್ಯವೇನೂ ಇಲ್ಲ ಬಿಡಿ.

ಆದರೆ ಆಪ್ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಒಮ್ಮೆ ಒಬ್ಬ ಹುಡುಗ 10 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಹಬೆಯ ಎಂಥಾಲ್ಪಿ 2725 ಕಿಲೋಜೌಲ್ ಎಂದು ಬರೆದಿದ್ದ. ಬರಬೇಕಾದದ್ದು 2777. ಎಲ್ಲಿಂದ ಬಂತಪ್ಪಾ ಎಂದರೆ, "ಆಪ್‌ನಾಗೇ ಬಂದದ ಸರ್" ಎಂದ. ನೋಡಿದರೆ ಮೆಗಾಪಾಸ್ಕಲ್ ಜಾಗದಲ್ಲಿ 10 ಒತ್ತಿದ್ದ. ಒಂದು ಮೆಗಾಪಾಸ್ಕಲ್ ಅಂದರೆ ಹತ್ತು ಬಾರ್. ಅದು 100 ಬಾರ್!

ಒತ್ತಡ ಹತ್ತು ಪಟ್ಟು ತಪ್ಪಿದರೂ ಉತ್ತರ ತಪ್ಪಿದ್ದು ನೂರಕ್ಕೆ ಎರಡರಷ್ಟು. ಯಾಕೆಂದರೆ ಒತ್ತಡ ಏರಿದಂತೆ ಈ ಅಂಕಿ ಸುಮಾರು 30 ಬಾರ್‌ವರೆಗೆ ಏರಿ, ಆಮೇಲೆ ಇಳಿಯುತ್ತದೆ. ಹಾಗಾಗಿ ಎರಡೂ ಅಂಕಿ ಅಕ್ಕಪಕ್ಕದ ಮನೆಯವರಂತೆ ಕಾಣುತ್ತವೆ. ಪುಸ್ತಕದ ಸಾಲಿನಲ್ಲಿ ಮಾತ್ರ ಈ ಕಳ್ಳ ತಕ್ಷಣ ಸಿಕ್ಕಿಬೀಳುತ್ತಾನೆ. ಪಕ್ಕದಲ್ಲೇ ಕುದಿಯುವ ಉಷ್ಣತೆ ಇರುತ್ತದಲ್ವಾ? 10 ಬಾರ್‌ಗೆ 180 ಡಿಗ್ರಿ, 100 ಬಾರ್‌ಗೆ 311.

ಅದಕ್ಕೇ ಮೊದಲ ಸೆಮಿಸ್ಟರಿನಲ್ಲಿ ನಾನು ಪುಸ್ತಕವನ್ನೇ ಹಿಡಿಸುತ್ತೇನೆ. ಒಂದು ಕಿಲೋ ನೀರು ಹಬೆಯಾಗಲು ಬೇಕಾದ ಶಾಖದ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಜಾರಿಸಿ ಅನ್ನುತ್ತೇನೆ. 0 ಡಿಗ್ರಿಗೆ 2501 ಕಿಲೋಜೌಲ್, 100ಕ್ಕೆ 2257, 200ಕ್ಕೆ 1940, 300ಕ್ಕೆ 1405, 350ಕ್ಕೆ 893. ಮುಂದೆ ಇಪ್ಪತ್ತನಾಲ್ಕೇ ಡಿಗ್ರಿಯಲ್ಲಿ ಧೊಪ್ಪನೆ ಸೊನ್ನೆ. ಒತ್ತಡ 221 ಬಾರ್ ಹತ್ತಿರ. ಪಟ್ಟಿ ಅಲ್ಲಿಗೆ ಮುಗಿಯಿತು.

"ಸರ್, ಯರಮರಸ್ ಬಾಯ್ಲರ್ ಈ ಪುಟದಾಗ ಎಲ್ಲ್ಯಾದ?" ಎಂದು ಒಬ್ಬಳು ಕೇಳಿದಳು. ಈ ಪುಟದಲ್ಲಿ ಇಲ್ಲ. ಯರಮರಸ್ ರಾಯಚೂರಿನ ಹತ್ತಿರದ ಇನ್ನೊಂದು ಉಷ್ಣ ವಿದ್ಯುತ್ ಸ್ಥಾವರ; ಅಲ್ಲಿನ 800 ಮೆಗಾವಾಟ್ ಘಟಕಗಳು ಆ ಕೊನೆಯ ಸಾಲಿಗಿಂತ ಮೇಲಿನ ಒತ್ತಡದವು. ಅಷ್ಟು ಒತ್ತಡದಲ್ಲಿ ನೀರು ಕುದಿಯುವುದೇ ಇಲ್ಲ, ನೀರಿಗೂ ಹಬೆಗೂ ನಡುವೆ ಗಡಿ ಇರುವುದಿಲ್ಲ. ಶಕ್ತಿನಗರದ 210 ಮೆಗಾವಾಟ್ ಘಟಕಗಳ ಬಾಯ್ಲರ್ ನೆತ್ತಿಯಲ್ಲಿ ನೀರಿನಿಂದ ಹಬೆ ಬೇರ್ಪಡಿಸುವ ದೊಡ್ಡ ಡ್ರಮ್ ಇದೆ. ಯರಮರಸ್‌ನಲ್ಲಿ ಅದಿಲ್ಲ.