ನಿಲುವಳಿ ಸೂಚನೆ: ಸದನದ ಕೆಲಸ ಬದಿಗಿಟ್ಟು ಒಂದು ವಿಷಯ ಚರ್ಚಿಸುವ ಕ್ರಮ

ಅಂದಿನ ಕಲಾಪ ಪಟ್ಟಿಯಲ್ಲಿರುವ ಕೆಲಸವನ್ನು ಬದಿಗಿಟ್ಟು, ಇವತ್ತೇ ಚರ್ಚಿಸದೆ ಆಗದು ಎನ್ನುವಂಥ ಒಂದೇ ಒಂದು ಸಾರ್ವಜನಿಕ ವಿಷಯವನ್ನು ಸದನ ಕೈಗೆತ್ತಿಕೊಳ್ಳಬೇಕೆಂದು ಸದಸ್ಯರೊಬ್ಬರು ಬರಹದಲ್ಲಿ ಕೊಡುವ ಕೋರಿಕೆಯೇ ನಿಲುವಳಿ ಸೂಚನೆ. ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 56ರಿಂದ 63ರವರೆಗಿನವು ಇದಕ್ಕೆ ಮೀಸಲು. ಕರ್ನಾಟಕ ವಿಧಾನಸಭೆಯಲ್ಲಿ ಇದು ನಿಯಮ 60. ‘ಗದ್ದಲ, ಸದನ ಮುಂದೂಡಿಕೆ’ ಎಂದು ಪತ್ರಿಕೆಯಲ್ಲಿ ಬರುವ ಸುದ್ದಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಸಭಾಧ್ಯಕ್ಷರು ಶಿಸ್ತಿಗಾಗಿ ಕಲಾಪ ನಿಲ್ಲಿಸುತ್ತಾರೆ. ಇಲ್ಲಿ ಒಂದು ವಿಷಯ ಚರ್ಚಿಸಲೆಂದು ಸದನವೇ ತನ್ನ ಮಾಮೂಲು ಕೆಲಸ ನಿಲ್ಲಿಸುತ್ತದೆ, ಕೊನೆಗೆ ಮತಕ್ಕೂ ಹಾಕುತ್ತದೆ.

ರಾಜ್ಯಸಭೆಯಲ್ಲಿ ಈ ಸೂಚನೆ ಇಲ್ಲ. ಸಂವಿಧಾನದ 75(3)ನೇ ವಿಧಿಯಂತೆ ಮಂತ್ರಿಮಂಡಲ ಲೆಕ್ಕ ಒಪ್ಪಿಸಬೇಕಾದದ್ದು ಲೋಕಸಭೆಗೆ. ನಿಲುವಳಿಯಲ್ಲಿ ಸರ್ಕಾರದ ಮೇಲಿನ ಖಂಡನೆಯ ಅಂಶ ಇರುವುದರಿಂದ ಅದು ಲೋಕಸಭೆಯ ಆಯುಧವಾಗಿಯೇ ಉಳಿದಿದೆ. ಅಂಗೀಕಾರವಾದರೆ ಸರ್ಕಾರ ರಾಜೀನಾಮೆ ಕೊಡಲೇಬೇಕೆಂದು ನಿಯಮ ಹೇಳುವುದಿಲ್ಲ, ಆದರೆ ಯಾವ ಸರ್ಕಾರವೂ ಅದನ್ನು ಹಗುರವಾಗಿ ತೆಗೆದುಕೊಳ್ಳಲಾರದು. ಸಭಾಧ್ಯಕ್ಷರು ಇದಕ್ಕೆ ಒಪ್ಪಿಗೆ ಕೊಡುವುದು ಅಪರೂಪವಾಗಿರುವುದಕ್ಕೆ ಇದೇ ದೊಡ್ಡ ಕಾರಣ.

ಒಂದು ದಿನದ ಮಟ್ಟಿಗೆ ಅದು ಹೀಗೆ ಸಾಗುತ್ತದೆ. ಬೆಳಿಗ್ಗೆ 10 ಗಂಟೆಯೊಳಗೆ ಸೂಚನೆ ಲೋಕಸಭೆಯ ಮಹಾಕಾರ್ಯದರ್ಶಿಯವರ ಕಚೇರಿಗೆ ತಲುಪಬೇಕು. ಪ್ರತಿಗಳು ಸಭಾಧ್ಯಕ್ಷರಿಗೂ ಸಂಬಂಧಪಟ್ಟ ಸಚಿವರಿಗೂ ಹೋಗಬೇಕು. 10 ದಾಟಿದರೆ ಅದು ಮರುದಿನದ ಲೆಕ್ಕಕ್ಕೆ. ಪ್ರಶ್ನೋತ್ತರ ವೇಳೆ 11ರಿಂದ 12. ಸಭಾಧ್ಯಕ್ಷರು ಒಪ್ಪಿಗೆ ಕೊಟ್ಟಿದ್ದರೆ, ಪ್ರಶ್ನೆಗಳು ಮುಗಿದ ಮೇಲೆ, ಪಟ್ಟಿಯ ಮುಂದಿನ ಕೆಲಸ ಶುರುವಾಗುವ ಮೊದಲು ಸದಸ್ಯರನ್ನು ಕರೆಯುತ್ತಾರೆ. ಅವರು ಎದ್ದು ಸದನದ ಅನುಮತಿ ಕೋರುತ್ತಾರೆ. ಯಾರಾದರೂ ಆಕ್ಷೇಪಿಸಿದರೆ, ಪರವಾಗಿರುವವರು ತಮ್ಮ ತಮ್ಮ ಜಾಗದಲ್ಲಿ ಎದ್ದು ನಿಲ್ಲಬೇಕು. 50 ಜನ ನಿಂತರೆ ಅನುಮತಿ ಸಿಕ್ಕಂತೆ, 49 ನಿಂತರೆ ವಿಷಯ ಅಲ್ಲಿಗೇ ಮುಗಿಯಿತು. ಅನುಮತಿ ಸಿಕ್ಕ ವಿಷಯ ಸಂಜೆ 4ಕ್ಕೆ, ಸಭಾಧ್ಯಕ್ಷರು ಹೇಳಿದರೆ ಅದಕ್ಕೂ ಮೊದಲು, ಚರ್ಚೆಗೆ ಬರುತ್ತದೆ. ಚರ್ಚೆಗೆ ಕನಿಷ್ಠ ಎರಡೂವರೆ ಗಂಟೆ ಕೊಡಬೇಕು. ಆಮೇಲೆ ಮತ. ಗೆದ್ದರೆ ಅಂದಿನ ಸದನ ಅಲ್ಲಿಗೆ ಮುಗಿಯುತ್ತದೆ.

ಈ 50ರ ಅಂಕಿ ಸಣ್ಣ ಪಕ್ಷಗಳಿಗೆ ದೊಡ್ಡ ಗೋಡೆ. ದಾವಣಗೆರೆ ಅಥವಾ ಚಿತ್ರದುರ್ಗದ ಸಂಸದರು ಒಬ್ಬರೇ ಸೂಚನೆ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಕರ್ನಾಟಕದ ಎಲ್ಲ 28 ಸಂಸದರು ಪಕ್ಷಭೇದ ಮರೆತು ಎದ್ದು ನಿಂತರೂ 50 ಆಗುವುದಿಲ್ಲ. ಬೇರೆ ರಾಜ್ಯದವರ ಬೆಂಬಲವನ್ನು ಮೊದಲೇ ಮಾತಾಡಿಕೊಂಡಿರಬೇಕು.

ಆದರೆ ಬಹುಪಾಲು ಸೂಚನೆಗಳು ಐವತ್ತರ ತನಕ ಹೋಗುವುದೇ ಇಲ್ಲ, ಅದಕ್ಕೂ ಮೊದಲು ನಿಯಮ 58ರಲ್ಲಿ ಬೀಳುತ್ತವೆ. ವಿಷಯ ಒಂದೇ ಆಗಿರಬೇಕು, ಖಚಿತವಾಗಿರಬೇಕು, ಇತ್ತೀಚೆಗೆ ನಡೆದದ್ದಾಗಿರಬೇಕು, ಕೇಂದ್ರ ಸರ್ಕಾರದ ಹೊಣೆಗೆ ಸೇರಿದ್ದಾಗಿರಬೇಕು. ಅದೇ ಅಧಿವೇಶನದಲ್ಲಿ ಚರ್ಚೆಯಾದ ವಿಷಯವನ್ನು ಮತ್ತೆ ಎತ್ತುವಂತಿಲ್ಲ. ಚರ್ಚೆಗೆ ದಿನ ಗೊತ್ತಾಗಿರುವುದನ್ನು ಮುಂಚೆಯೇ ತರುವಂತಿಲ್ಲ. ಹಕ್ಕುಚ್ಯುತಿಯ, ಅಂದರೆ ಸದನದ ಅಥವಾ ಸದಸ್ಯರ ವಿಶೇಷ ಹಕ್ಕಿಗೆ ಧಕ್ಕೆಯಾಯಿತೆಂಬ, ಪ್ರಶ್ನೆ ಬೆರೆಸುವಂತಿಲ್ಲ. ನ್ಯಾಯಾಲಯದ ಮುಂದಿರುವುದನ್ನು ಮುಟ್ಟುವಂತಿಲ್ಲ. ನ್ಯಾಯಮಂಡಳಿ, ವಿಚಾರಣಾ ಆಯೋಗಗಳ ಮುಂದಿರುವುದಕ್ಕೆ ನಿಯಮ 59 ತಡೆಯೊಡ್ಡುತ್ತದೆ. ಜಲವಿವಾದದ ವಿಷಯ ಹಿಡಿದು ಹೊರಡುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಒಂದು ದಿನಕ್ಕೆ ಒಂದೇ ನಿಲುವಳಿ.

ಈ ಮಾತುಗಳ ತೂಕ ತಿಳಿಯಲು ಈರುಳ್ಳಿಯನ್ನೇ ತೆಗೆದುಕೊಳ್ಳೋಣ, ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ರೈತರಿಗೆ ಇದರ ಪೆಟ್ಟು ಹೇಳಿಕೊಡಬೇಕಿಲ್ಲ. ಕೇಂದ್ರವು ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿದ್ದು 2023ರ ಆಗಸ್ಟ್‌ನಲ್ಲಿ. ರಫ್ತನ್ನೇ ನಿಷೇಧಿಸಿದ ಆದೇಶ ಜಾರಿಗೆ ಬಂದದ್ದು ಡಿಸೆಂಬರ್ 8ರಂದು. ಸಂಸತ್ತಿನ ಚಳಿಗಾಲದ ಅಧಿವೇಶನ ಡಿಸೆಂಬರ್ 4ರಿಂದ 21ರವರೆಗೆ ನಡೆಯುತ್ತಿತ್ತು.

ಈಗ ಒಬ್ಬ ಸದಸ್ಯರು ಅದೇ ಹೊತ್ತಿನಲ್ಲಿ ‘ಈರುಳ್ಳಿ ಬೆಳೆಗಾರರ ಸಂಕಷ್ಟ ಕುರಿತು’ ಎಂದು ಸೂಚನೆ ಬರೆದರೆ ಅದು ನಿಲ್ಲುವುದಿಲ್ಲ. ಸಂಕಷ್ಟ ನಿಜ, ಆದರೆ ಯಾವ ದಿನದ, ಯಾರ, ಯಾವ ಕ್ರಮದಿಂದ ಆದದ್ದು ಎಂದು ಅದರಲ್ಲಿ ಇಲ್ಲ. ‘ಆಗಸ್ಟ್‌ನ ರಫ್ತು ಸುಂಕ’ ಎಂದು ಬರೆದರೆ ಖಚಿತತೆ ಬಂತು, ಹೊಸತನ ಹೋಯಿತು. ವಿಷಯವನ್ನು ಸಿಕ್ಕ ಮೊದಲ ಅವಕಾಶದಲ್ಲೇ ಎತ್ತಬೇಕು ಎಂಬುದು ರೂಢಿ, ಅಷ್ಟರಲ್ಲಿ ಸೆಪ್ಟೆಂಬರ್ 18ರಿಂದ 21ರವರೆಗಿನ ವಿಶೇಷ ಅಧಿವೇಶನ ಕಳೆದುಹೋಗಿತ್ತು. ‘ಈರುಳ್ಳಿ ನಿಷೇಧ, ಬೆಳೆ ವಿಮೆ ವಿಳಂಬ ಹಾಗೂ ಗೊಬ್ಬರದ ಕೊರತೆ’ ಎಂದು ಮೂರನ್ನು ಕಟ್ಟಿದರೆ ಒಂದೇ ವಿಷಯ ಎಂಬ ಷರತ್ತು ಮುರಿಯಿತು. ನಮ್ಮ ಕಡೆಯ ಮನವಿಗಳಲ್ಲಿ ತುಂಬ ಕಾಣುವ ತಪ್ಪು ಇದೇ: ಹೇಗೂ ದೆಹಲಿಗೆ ಹೋಗುತ್ತದೆ, ಎಲ್ಲವನ್ನೂ ಸೇರಿಸಿಬಿಡೋಣ ಎನ್ನುವುದು. ‘ಡಿಸೆಂಬರ್ 8ರಿಂದ ಜಾರಿಗೆ ಬಂದಿರುವ ಈರುಳ್ಳಿ ರಫ್ತು ನಿಷೇಧದಿಂದ ಮಾರುಕಟ್ಟೆಯಲ್ಲಿ ಉಂಟಾಗಿರುವ ಬೆಲೆ ಕುಸಿತ’ ಎಂದು ಬರೆದರೆ ದಿನ ಇದೆ, ಕ್ರಮ ಇದೆ, ಹೊಣೆ ಯಾರದೆಂಬುದೂ ಇದೆ, ಏಕೆಂದರೆ ವಿದೇಶ ವ್ಯಾಪಾರ ಕೇಂದ್ರದ ಕೈಯಲ್ಲಿದೆ. ಇಷ್ಟಾದರೂ ಸಭಾಧ್ಯಕ್ಷರು ಬೇಡವೆನ್ನಬಹುದು. ಇದಕ್ಕೆ ಬೇರೆ ದಾರಿಯಲ್ಲೇ ಚರ್ಚೆ ಸಾಧ್ಯ ಎಂದು ಅವರಿಗೆ ಕಂಡರೆ ಸಾಕು. ಒಪ್ಪಿಗೆ ಸಂಪೂರ್ಣ ಅವರ ವಿವೇಚನೆ. ಸೂಚನೆ ಬಲವಾಗಿದ್ದಷ್ಟೂ ಆ ‘ಬೇಡ’ಕ್ಕೆ ಕಾರಣ ಕೊಡುವುದು ಕಷ್ಟವಾಗುತ್ತದೆ. ಬರೆಯುವವರ ಕೈಯಲ್ಲಿರುವುದು ಅಷ್ಟೇ, ಆದರೆ ಅದು ಕಡಿಮೆಯೇನಲ್ಲ.

ಆ ಅಧಿವೇಶನದಲ್ಲಿ ಇನ್ನೊಂದೂ ಆಯಿತು. ಡಿಸೆಂಬರ್ 13ರಂದು ಸಂಸತ್ತಿನಲ್ಲಾದ ಭದ್ರತಾ ಲೋಪದ ಬಳಿಕ ಗೃಹ ಸಚಿವರ ಹೇಳಿಕೆಗೆ ಪಟ್ಟು ಹಿಡಿದ ವಿರೋಧ ಪಕ್ಷಗಳ ಸದಸ್ಯರನ್ನು ಸಾಲುಸಾಲಾಗಿ ಅಮಾನತು ಮಾಡಲಾಯಿತು. ಎರಡೂ ಸದನ ಸೇರಿ 146 ಮಂದಿ. ಇಂಥ ದಿನಗಳಲ್ಲಿ ಎಷ್ಟೇ ಚೊಕ್ಕವಾಗಿ ಬರೆದ ಸೂಚನೆಯೂ ಕಡತದಲ್ಲೇ ಉಳಿಯುತ್ತದೆ.

ನಮ್ಮ ಜಿಲ್ಲೆಗಳ ದೊಡ್ಡ ಬೇಡಿಕೆಗಳನ್ನು ಇದೇ ಅಳತೆಯಲ್ಲಿ ನೋಡಿದರೆ ಯಾವುದು ಎಲ್ಲಿಗೆ ಸೇರುತ್ತದೆ ಎಂಬುದು ತಿಳಿಯಾಗುತ್ತದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣದ ಪ್ರಶ್ನೆ ಕೇಂದ್ರದ ಹೊಣೆಯೇ, ಮಹತ್ವದ್ದೇ, ಆದರೆ ವರ್ಷಗಳಿಂದ ಎಳೆದುಕೊಂಡು ಬಂದಿರುವಂಥದ್ದು. ಆದ್ದರಿಂದ ನಿಲುವಳಿಗೆ ಒದಗುವುದಿಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗವೂ ಹಾಗೆಯೇ. ಇವಕ್ಕೆ ಪ್ರಶ್ನೋತ್ತರ, ಕ್ಷೇತ್ರದ ವಿಷಯವನ್ನು ಬರಹದಲ್ಲಿ ಎತ್ತುವ ನಿಯಮ 377, ಅನುದಾನ ಬೇಡಿಕೆಗಳ ಮೇಲಿನ ಚರ್ಚೆ ಸರಿಯಾದ ಜಾಗ. ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರದ ಕೊನೆಯಂಚಿನ ಗದ್ದೆಗೆ ತಲುಪದಿದ್ದರೆ ಅದು ಲೋಕಸಭೆಯ ವಿಷಯವೇ ಅಲ್ಲ. ಅದಕ್ಕೆ ಉತ್ತರ ಕೊಡಬೇಕಾದ ಸಚಿವರು ವಿಧಾನಸೌಧದಲ್ಲಿದ್ದಾರೆ.

ಕುಡಿಯುವ ನೀರೂ ರಾಜ್ಯದ ಹೊಣೆ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಆಸ್ಪತ್ರೆ ಸೇರಿ ಸಾವುಗಳಾದಾಗ, ಅದು ನಿಲುವಳಿಯ ಪ್ರತಿಯೊಂದು ಷರತ್ತಿಗೂ ಹೊಂದುವ ಘಟನೆಯಾಗಿತ್ತು. ಆದರೆ ವಿಧಾನಸಭೆಯ ಅಧಿವೇಶನ ಜುಲೈ 21ಕ್ಕೆ ಮುಗಿದಿತ್ತು. ಮುಂದಿನದು ಡಿಸೆಂಬರ್‌ನಲ್ಲಿ, ಬೆಳಗಾವಿಯಲ್ಲಿ. ಸದನ ಸೇರದ ಕಾಲದಲ್ಲಿ ತುರ್ತು ವಿಷಯಕ್ಕೆ ತುರ್ತು ದಾರಿಯೇ ಇಲ್ಲ ಎನ್ನುವುದು ಈ ವ್ಯವಸ್ಥೆಯ ನೋವಿನ ಕೊರತೆ. ಅಂಥ ಘಟನೆಯಲ್ಲಿ ಮಾಡಬಹುದಾದದ್ದು ಮುಂದಿನ ಅಧಿವೇಶನದ ಮೊದಲ ದಿನವೇ ಸೂಚನೆ ಕೊಡುವುದು. ಎರಡನೆಯ ವಾರಕ್ಕೆ ತಳ್ಳಿದರೆ ‘ಮೊದಲ ಅವಕಾಶ ಬಿಟ್ಟಿರಿ’ ಎಂಬ ಮಾತು ಬರುತ್ತದೆ.

ವಿಧಾನಸಭೆಯ ಸುದ್ದಿ ಓದುವವರಿಗೆ ಒಂದು ವಾಕ್ಯ ಪರಿಚಿತ: ‘ನಿಯಮ 60ರಡಿ ಕೊಟ್ಟ ನಿಲುವಳಿಯನ್ನು ನಿಯಮ 69ಕ್ಕೆ ಬದಲಾಯಿಸಿ ಸಭಾಧ್ಯಕ್ಷರು ಅವಕಾಶ ಕೊಟ್ಟರು.’ ಅಂದರೆ ಚರ್ಚೆ ಸಿಕ್ಕಿತು, ಮತ ಹೋಯಿತು, ಅಂದಿನ ಕೆಲಸ ನಿಲ್ಲಲಿಲ್ಲ. ವಿರೋಧ ಪಕ್ಷ ಇದನ್ನು ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ, ವಿಷಯ ಕಡತಕ್ಕೆ ಬರುವುದು ಮುಖ್ಯವಾದಾಗ ಅದು ಸರಿಯೂ ಹೌದು. ನಿಯಮ 73 ಅಲ್ಲಿನ ಗಮನ ಸೆಳೆಯುವ ಸೂಚನೆ.

ಸಂಸತ್ತಿನಲ್ಲೂ ಇಂಥ ಪಕ್ಕದ ದಾರಿಗಳಿವೆ. ನಿಯಮ 197ರ ಗಮನ ಸೆಳೆಯುವ ಸೂಚನೆ ಭಾರತದ ಸಂಸತ್ತು ತಾನೇ ರೂಪಿಸಿಕೊಂಡದ್ದು, 1954ರಿಂದ ರೂಢಿಯಲ್ಲಿದೆ. ಸಚಿವರು ಹೇಳಿಕೆ ಕೊಡಲೇಬೇಕು, ಪಟ್ಟಿಯಲ್ಲಿ ಹೆಸರಿರುವವರು, ಹೆಚ್ಚೆಂದರೆ ಐವರು, ತಲಾ ಒಂದು ಸ್ಪಷ್ಟೀಕರಣ ಕೇಳಬಹುದು. ಚರ್ಚೆಯೂ ಇಲ್ಲ, ಮತವೂ ಇಲ್ಲ. ಆದರೆ ಸಚಿವರ ಬಾಯಿಂದ ಅಂಕಿ–ಅಂಶ ಹೊರಡಿಸಲು ಇದಕ್ಕಿಂತ ಚೆನ್ನಾದ ಉಪಾಯ ಕಾಣದು. ನಿಯಮ 193ರ ಅಲ್ಪಾವಧಿ ಚರ್ಚೆಗೆ ಇನ್ನಿಬ್ಬರ ಸಹಿ ಬೇಕು, ಮತವಿಲ್ಲ. ತುರ್ತು ವಿಷಯಗಳನ್ನು ಚುಟುಕಾಗಿ ಎತ್ತುವ ಶೂನ್ಯ ವೇಳೆ ನಿಯಮಗಳ ಪುಸ್ತಕದಲ್ಲೇ ಇಲ್ಲದ ರೂಢಿ. ಲೋಕಸಭೆಯಲ್ಲಿ ಮಧ್ಯಾಹ್ನ 12ಕ್ಕೆ, ರಾಜ್ಯಸಭೆಯಲ್ಲಿ 2014ರಿಂದ ಬೆಳಿಗ್ಗೆ 11ಕ್ಕೆ. ರಾಜ್ಯಸಭೆಯಲ್ಲಿ ಒಬ್ಬರಿಗೆ ಮೂರು ನಿಮಿಷ. ಸಚಿವರು ಉತ್ತರಿಸಬೇಕೆಂದಿಲ್ಲ.

ರಾಜ್ಯಸಭೆಯ ನಿಯಮ 267 ಬೇರೆಯದೇ ಜಾತಿ. ಅಂದಿನ ಕೆಲಸಕ್ಕೆ ಸಂಬಂಧಿಸಿದ ನಿಯಮವನ್ನೇ ಅಮಾನತಿನಲ್ಲಿಡಿ ಎಂಬ ಕೋರಿಕೆ ಅದು. 2016ರ ನವೆಂಬರ್‌ನಲ್ಲಿ ನೋಟು ರದ್ದತಿಯ ಚರ್ಚೆ ಅದರಡಿ ನಡೆಯಿತು. 2023ರ ಜುಲೈನಲ್ಲಿ ಮಣಿಪುರದ ವಿಷಯಕ್ಕೆ ವಿರೋಧ ಪಕ್ಷಗಳು 267 ಕೇಳಿದವು, ಸರ್ಕಾರ 176ರ ಅಲ್ಪಾವಧಿ ಚರ್ಚೆಗೆ ಒಪ್ಪಿತು, ಬರೀ ಸಂಖ್ಯೆಯ ಜಗಳದಂತೆ ಕಂಡಿತು. ಅಲ್ಲಿ ನಿಜವಾಗಿ ಕೇಳುತ್ತಿದ್ದದ್ದು, ಸದನ ಉಳಿದೆಲ್ಲ ಕೆಲಸ ಬಿಟ್ಟು ಇದನ್ನು ಕೇಳುತ್ತದೆಯೋ, ಉಳಿದ ಕೆಲಸದ ನಡುವೆ ಎರಡೂವರೆ ಗಂಟೆ ಬಿಡುವು ಮಾಡಿಕೊಡುತ್ತದೆಯೋ ಎಂದು.

ಒಂದು ಊರಿನ, ಒಂದು ಕ್ಷೇತ್ರದ ವಿಷಯಕ್ಕೆ ಹೆಚ್ಚು ಫಲ ಕೊಡುವುದು ನಿಯಮ 377. ಬರಹ 250 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಒಬ್ಬ ಸದಸ್ಯರಿಗೆ ವಾರಕ್ಕೆ ಒಂದು. ಸದನದಲ್ಲಿ ಓದಬೇಕು, ಸಮಯವಿಲ್ಲದ ದಿನ ಮಂಡಿಸಿದಂತೆ ಎಂದು ಭಾವಿಸಿ ಕಡತಕ್ಕೆ ಸೇರಿಸುವುದೂ ಉಂಟು. ಸಚಿವಾಲಯ ಆ ಸದಸ್ಯರಿಗೆ ಲಿಖಿತ ಉತ್ತರ ಕಳಿಸಬೇಕು.

ಸಂಸದರಿಗೆ ಮನವಿ ಕೊಡುವ ರೈತ ಸಂಘ, ವರ್ತಕರ ಸಂಘ, ವಿದ್ಯಾರ್ಥಿ ಸಂಘಟನೆಗಳು ಈ ಅಳತೆಗೆ ತಕ್ಕಂತೆ ಬರೆದುಕೊಟ್ಟರೆ ಅರ್ಧ ಕೆಲಸ ಇಲ್ಲೇ ಮುಗಿದಂತೆ. ಮೇಲೆ ಒಂದೇ ಸಾಲಿನಲ್ಲಿ ವಿಷಯ. ಆಮೇಲೆ ಆದೇಶದ ಸಂಖ್ಯೆ, ದಿನಾಂಕ, ಹೊರಡಿಸಿದ ಸಚಿವಾಲಯ. ಬೆಲೆಯ ಮಾತಾದರೆ ಎಪಿಎಂಸಿಯ ದರಪಟ್ಟಿಯಿಂದ ಆದೇಶದ ಹಿಂದಿನ ದಿನದ ಮತ್ತು ನಂತರದ ದಿನದ ದರ, ಕ್ವಿಂಟಲ್ ಲೆಕ್ಕದಲ್ಲಿ. ನಷ್ಟ ‘ಅಪಾರ’ ಎಂದು ಬರೆದರೆ ಸಚಿವರು ಅಪಾರ ಸಹಾನುಭೂತಿ ತೋರಿ ಕೂತುಬಿಡುತ್ತಾರೆ. ಕೊನೆಗೆ ಸರ್ಕಾರ ಏನು ಮಾಡಬೇಕೆಂಬ ಒಂದೇ ಬೇಡಿಕೆ. ಅಧಿಕಾರಿಯ ಅಥವಾ ಖಾಸಗಿ ವ್ಯಕ್ತಿಯ ಮೇಲೆ ಹೆಸರು ಹಿಡಿದು ಆರೋಪ ಬೇಡ. ನಿಯಮ 353ರಂತೆ ಅದಕ್ಕೆ ಸದಸ್ಯರು ಸಭಾಧ್ಯಕ್ಷರಿಗೂ ಸಚಿವರಿಗೂ ಮುಂಚಿತವಾಗಿ ತಿಳಿಸಿರಬೇಕು, ಇಲ್ಲದಿದ್ದರೆ ಮಾತು ಕಡತದಿಂದ ಹೋಗುತ್ತದೆ. ಇದೇ ವಿಷಯದಲ್ಲಿ ಹೈಕೋರ್ಟಿನಲ್ಲಿ ರಿಟ್ ಇದ್ದರೆ ಮುಚ್ಚಿಡದೆ ಹೇಳಿ. ಸದನದಲ್ಲಿ ಅದು ಹೊರಬಿದ್ದರೆ ಸದಸ್ಯರ ಬಾಯಿ ಕಟ್ಟುತ್ತದೆ. ಇಷ್ಟೂ ಹಿಂದಿನ ದಿನ ಸಂಜೆಯೊಳಗೆ ದೆಹಲಿ ತಲುಪಿರಲಿ, ಬೆಳಿಗ್ಗೆ 9ಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು 10ರೊಳಗೆ ಸೂಚನೆಯಾಗಿ ತಿದ್ದುವುದು ಆಗದ ಮಾತು.

ಭಾಷೆಯ ಅಂಜಿಕೆ ಬೇಡ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ ಮೊದಲಿಗರು. 120ನೇ ವಿಧಿಯಲ್ಲಿ ತಾಯ್ನುಡಿಗೆ ಅವಕಾಶ ಇದ್ದೇ ಇದೆ. ಕನ್ನಡದಲ್ಲಿ ಮಾತಾಡುವುದಾದರೆ ಅನುವಾದಕರ ಏರ್ಪಾಡಿಗೆ ಮೊದಲೇ ತಿಳಿಸಬೇಕು. ನಿಯಮ 377ರ ಬರಹವನ್ನು ಕನ್ನಡದಲ್ಲಿ ಸಿದ್ಧಮಾಡಿದರೆ 250ಕ್ಕಿಂತ ಸಾಕಷ್ಟು ಕಡಿಮೆ ಪದಗಳಲ್ಲಿ ಮುಗಿಸಿ, ಏಕೆಂದರೆ ಇಂಗ್ಲಿಷಿಗೆ ಹೋದಾಗ ಪದ ಹೆಚ್ಚುತ್ತದೆ.

ಕೊಟ್ಟ ಸೂಚನೆಯ ಪ್ರತಿಯನ್ನು ಅಂದೇ ಬೆಳಿಗ್ಗೆ ಜಾಲತಾಣಗಳಲ್ಲಿ ಹಂಚುವುದು ಈಗ ಸಾಮಾನ್ಯವಾಗಿದೆ. ಸಭಾಧ್ಯಕ್ಷರು ಅಂಗೀಕರಿಸಿ ಸದಸ್ಯರಿಗೆ ತಲುಪಿಸುವ ಮೊದಲು ಅದಕ್ಕೆ ಪ್ರಚಾರ ಕೊಡಬಾರದೆಂದು ನಿಯಮ 334ಎ ಹೇಳುತ್ತದೆ, ಸದಸ್ಯರಿಗೆ ಮಾತ್ರವಲ್ಲ, ಬೇರೆಯವರಿಗೂ. ಸೂಚನೆ ಕೊಟ್ಟಿದ್ದಾರೆ ಎಂಬ ಫೋಟೊ ನೋಡಿ ಸಂಘದವರು ಸುಮ್ಮನಾಗುವ ಬದಲು ಸಂಜೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಒಪ್ಪಿಗೆ ಸಿಕ್ಕಿತೇ, ಸಿಗದಿದ್ದರೆ ಅದನ್ನೇ ನಾಳೆ 197ಕ್ಕೋ ಶೂನ್ಯ ವೇಳೆಗೋ ಕೊಡುತ್ತೀರಾ, 377ರಲ್ಲಿ ಎತ್ತಿದ್ದರೆ ಸಚಿವರ ಉತ್ತರದ ಪ್ರತಿ ಬಂದಿದೆಯೇ. ಆ ಉತ್ತರ ಬರುವುದು ಸಂಸದರ ಹೆಸರಿಗೆ. ಅವರ ಕಚೇರಿಗೆ ಹೋಗಿ ಪ್ರತಿ ಪಡೆದುಕೊಂಡು, ಅದರಲ್ಲಿ ಸಚಿವರು ಹೇಳಿರುವ ದಿನಾಂಕ ಮತ್ತು ಮೊತ್ತವನ್ನು ಹಿಡಿದೇ ಮುಂದಿನ ಅಧಿವೇಶನದ ಪ್ರಶ್ನೆ ಬರೆಯಬೇಕು.