ಪಾರ್ಕಿನ್ಸನ್ ಗುಳಿಗೆಯ ‘ಹೀಟ್’ಗೆ ಮಲ ಕಟ್ಟುತ್ತದೆಯೇ?

“ಅಪ್ಪಗ ಪಾರ್ಕಿನ್ಸನ್ ಅದರೀ. ಗುಳಿಗಿ ತಗೊಂಡಮ್ಯಾಲ ಕೈ ನಡುಗೋದು ಕಡಿಮಿ ಆಗ್ಯದ. ಆದ್ರ ಮೂರ್ ದಿನಕ್ಕೊಮ್ಮಿ ಸಂಡಾಸ, ಎದ್ದು ನಿಂತ್ರ ಚಕ್ರ ಬರ್ತದ. ಗುಳಿಗಿ ಹೀಟ್ ಆಗ್ಯದ ಅಂತಾರ ಮಂದಿ. ಬಿಡಿಸ್ಲೇನ್ರೀ?”

ಬಿಡಿಸಬೇಡಿ. ಸಿಂಧನೂರಿನವರು ಕೇಳಲಿ, ಗಂಗಾವತಿಯವರು ಕೇಳಲಿ, ಉತ್ತರ ಇದೇ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಗುಳಿಗೆ ಲೆವೊಡೋಪಾ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಕಟ್ಟಿಗೆಯಂತೆ ಸೆಟೆದು, ವಿಪರೀತ ಜ್ವರ ಬಂದು, ಎಚ್ಚರ ತಪ್ಪಿ ಜೀವಕ್ಕೇ ಕುತ್ತು ಬರಬಹುದು.

ಈಗ ಹೀಟಿನ ಮಾತು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು 1817ರಲ್ಲಿ. ಮಲ ಕಟ್ಟುವುದು, ನಿದ್ದೆ ಕೆಡುವುದು ಎರಡನ್ನೂ ಅವನು ಆಗಲೇ ಗುರುತಿಸಿದ್ದಾನೆ. ಲೆವೊಡೋಪಾ ಚಿಕಿತ್ಸೆಗೆ ಬಂದದ್ದು 1960ರ ದಶಕದಲ್ಲಿ. ಹುಟ್ಟದೇ ಇದ್ದ ಗುಳಿಗೆ ಯಾರಿಗೆ ಹೀಟ್ ಮಾಡೀತು? ಈ ಕಾಯಿಲೆ ಮಿದುಳಿಗಷ್ಟೇ ಸೀಮಿತವಲ್ಲ, ಕರುಳನ್ನು ನಡೆಸುವ ನರಗಳನ್ನೂ ಹಿಡಿಯುತ್ತದೆ. ಎಷ್ಟೋ ಜನರಿಗೆ ಕೈ ನಡುಗುವ ವರ್ಷಗಟ್ಟಲೆ ಮೊದಲೇ ಮಲ ಕಟ್ಟಲು ಶುರುವಾಗಿರುತ್ತದೆ. ಮನೆಯವರನ್ನು ಕೆದಕಿ ಕೇಳಿ ನೋಡಿ: ಒಗ್ಗರಣೆಯ ವಾಸನೆ ಗೊತ್ತಾಗುತ್ತಿರಲಿಲ್ಲ, ನಿದ್ದೆಗಣ್ಣಲ್ಲಿ ಕೂಗಿ ಪಕ್ಕದವರಿಗೆ ಒದೆಯುತ್ತಿದ್ದರು ಎಂದು ಆಗ ನೆನಪಿಸಿಕೊಳ್ಳುತ್ತಾರೆ. ಇವೂ ಗುಳಿಗೆಗಿಂತ ಹಳೆಯವು. ‘ತಂಪಿಗೆ’ ಎಂದು ಮಜ್ಜಿಗೆ ಕುಡಿಸಿದರೆ ನನ್ನ ತಕರಾರಿಲ್ಲ, ನೀರಾದರೂ ಹೊಟ್ಟೆಗೆ ಹೋಗುತ್ತದೆ.

ಆದರೆ ಮಲ ಕಟ್ಟುವ ದೂರು ಹೆಚ್ಚಾಗಿ ನಿಜವಾಗುವ ಗುಳಿಗೆಯೊಂದಿದೆ: ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ಅದು ಮಲ ಕಟ್ಟಿಸುತ್ತದೆ, ವಯಸ್ಸಾದವರಿಗೆ ಮರೆವು, ಗೊಂದಲವನ್ನೂ ತರುತ್ತದೆ. ಚೀಟಿಯಲ್ಲಿ ಅದಿದ್ದರೆ ಬೇಕೇ ಎಂದು ವೈದ್ಯರನ್ನು ಕೇಳಿ. ಅದನ್ನೂ ನೀವಾಗಿ ನಿಲ್ಲಿಸುವಂತಿಲ್ಲ.

ನಿಜ ಹೇಳಬೇಕೆಂದರೆ, ಹೊಟ್ಟೆ ಜಡವಾದರೆ ಗುಳಿಗೆಯೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಲೆವೊಡೋಪಾ ರಕ್ತಕ್ಕೆ ಸೇರುವುದು ಸಣ್ಣಕರುಳಿನಿಂದ, ಅಲ್ಲಿಗೆ ತಲುಪುವುದು ತಡವಾದಷ್ಟೂ ನಡುಕ ಬೇಗ ಇಳಿಯದು. ಹಾಲು, ಹೆಸರುಕಾಳು ಪಲ್ಯದ ಜೊತೆ ನುಂಗಿದರೂ ಪ್ರೋಟೀನ್ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಬರೀ ನೀರಲ್ಲಿ ಕೊಡಿ. ಮಲ ಸಡಿಲಾಗಲೆಂದು ಕೊಡುವ ಇಸಬಗೋಲಿಗೆ ದೊಡ್ಡ ಲೋಟ ತುಂಬ ನೀರು ಬೇಕು, ಎರಡು ಗುಟುಕಿಗೆ ನಿಲ್ಲಿಸಿದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಮಲ ಮೆದು ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯ ಬಗ್ಗೆ ವೈದ್ಯರನ್ನು ಕೇಳಿ. ರೂಢಿಯ ಪ್ರಮಾಣ ದಿನಕ್ಕೆ 17 ಗ್ರಾಂ.

ಎದ್ದಾಗ ಚಕ್ರ ಬರುವುದನ್ನು ಮನೆಯಲ್ಲೇ ಅಳೆಯಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದುಕೊಂಡು ವೈದ್ಯರಿಗೆ ತೋರಿಸಿ. ಹಿಂದಿನಿಂದ ನುಂಗುತ್ತಿರುವ ಬಿಪಿ ಗುಳಿಗೆ ಈಗ ಹೆಚ್ಚಾಗಿರಬಹುದು. ರಾಯಚೂರಿನ ಮೇ ಬಿಸಿಲಲ್ಲಿ ನೀರು ಕಡಿಮೆ ಬಿದ್ದರಂತೂ ಬಿಪಿ ಇನ್ನಷ್ಟು ಕುಸಿಯುತ್ತದೆ.

ಇಷ್ಟರಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಚಕ್ರಕ್ಕೆ ಔಷಧಿ ಅಂಗಡಿಯವರು ಕೊಡುವ ಗುಳಿಗೆ ಯಾವುದು? ಸಾಮಾನ್ಯವಾಗಿ ಸಿನ್ನರಿಜಿನ್ ಅಥವಾ ಪ್ರೊಕ್ಲೋರ್‌ಪೆರಜಿನ್. ವಾಂತಿಗಾದರೆ ಮೆಟೊಕ್ಲೊಪ್ರಮೈಡ್. ಈ ಕಾಯಿಲೆಯಲ್ಲಿ ಮಿದುಳಿಗೆ ಕಡಿಮೆ ಬೀಳುವ ರಾಸಾಯನಿಕವೇ ಡೋಪಮೈನ್; ಮೂರೂ ಅದಕ್ಕೆ ಅಡ್ಡಗಟ್ಟಿ ಪಾರ್ಕಿನ್ಸನ್ ಹೆಚ್ಚಿಸುತ್ತವೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಈ ಹೆಸರು ಕಂಡರೆ ಅಲ್ಲೇ ವಾಪಸ್ ಕೊಡಿ. ವಾಂತಿಗೆ ಡೊಂಪೆರಿಡೋನ್ ನಡೆಯುತ್ತದೆ, ಆದರೆ ವೈದ್ಯರನ್ನು ಕೇಳಿದ ಮೇಲೆಯೇ; ಹೃದಯದ ತೊಂದರೆ ಇದ್ದವರಿಗೆ ಅದು ಬೇಡ.